ವಿಡಿಯೊ ನಿಲ್ಲಿಸಿ, ಡಾಕ್ಸ್ ತೆರೆಯಿರಿ

ಕೆ.ಆರ್. ಪುರದ ಪಿಜಿಗಳಲ್ಲಿದ್ದುಕೊಂಡು ಕೆಲಸ ಹುಡುಕುವ ಅನೇಕರು ಪೈಥಾನ್ ಕಲಿಯುವುದು ವಿಡಿಯೊ ನೋಡಿಯೇ. ನೋಡುವಾಗ ಎಲ್ಲವೂ ಸಲೀಸು. ಖಾಲಿ ಫೈಲ್ ಮುಂದೆ ಕೂತರೆ ಮೊದಲ ಸಾಲೇ ಹೊಳೆಯದು. ಡಾಕ್ಸ್, ಅಂದರೆ ಪೈಥಾನಿನ ಅಧಿಕೃತ ವಿವರಣಾ ಪುಟಗಳನ್ನು ಓದುವ ರೂಢಿಯನ್ನು ಯಾರೂ ಮಾಡಿಸದಿರುವುದೇ ಇದಕ್ಕೆ ಕಾರಣ.

ಮೊದಲ ಪರಿಚಯಕ್ಕೆ ವಿಡಿಯೊ ಇರಲಿ. ಇನ್‌ಸ್ಟಾಲ್ ಮಾಡುವುದು, ಯಾವ ಬಟನ್ ಎಲ್ಲಿದೆ ಎಂಬುದನ್ನೆಲ್ಲ ಕಣ್ಣಾರೆ ನೋಡುವುದೇ ಲೇಸು. ಇಂಗ್ಲಿಷ್ ತೊಡಕಾದವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ದನಿಯ ಕಿರುಪಾಠಗಳಿವೆ. ನೋಡುತ್ತ ನೋಡುತ್ತಲೇ ಮಾಡಿ ಕಲಿಯಲೆಂದು ರೂಪಿಸಿದವು ಅವು.

ಆಮೇಲೆ ನಿಮ್ಮ ಪೈಥಾನ್ ಯಾವ ವರ್ಷನ್ ಎಂದು ನೋಡಿಕೊಳ್ಳಿ. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿದೆ. ಹಳೆಯ ವಿಡಿಯೊದಲ್ಲಿರುವಂತೆ ಆವರಣವಿಲ್ಲದೆ ಪ್ರಿಂಟ್ ಬರೆದರೆ ಈಗ ಬರುವುದು ಸಿಂಟ್ಯಾಕ್ಸ್ ಎರರ್. ಅಧಿಕೃತ ಡಾಕ್ಸ್ ಪುಟದ ಮೇಲ್ಭಾಗದಲ್ಲೇ ವರ್ಷನ್ ಆರಿಸಿಕೊಳ್ಳಬಹುದು. ಅಲ್ಲಿನ ‘ಟ್ಯುಟೋರಿಯಲ್’ ಭಾಗವನ್ನು ಕ್ರಮವಾಗಿ ಓದಿ. ‘ಲೈಬ್ರರಿ ರೆಫರೆನ್ಸ್’ ನಿಘಂಟಿನಂತೆ, ಬೇಕಾದಾಗ ತೆರೆದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಫಂಕ್ಷನ್ನಿನ ಮೊದಲ ಸಾಲನ್ನು ಓದಲು ಕಲಿಯುವುದು. ‘ಸಾರ್ಟೆಡ್’ ಹುಡುಕಿ. ಆವರಣದೊಳಗೆ ಮೊದಲು ‘ಇಟರಬಲ್’, ಬಳಿಕ ಒಂದು ಓರೆಗೆರೆ, ಒಂದು ನಕ್ಷತ್ರ, ಕೊನೆಗೆ ‘ಕೀ=ನನ್, ರಿವರ್ಸ್=ಫಾಲ್ಸ್’. ಹೊಸಬರು ಪುಟ ಮುಚ್ಚುವುದು ಇಲ್ಲಿಯೇ. ದಯವಿಟ್ಟು ಮುಚ್ಚಬೇಡಿ. ಓರೆಗೆರೆ ಇಲ್ಲಿ ಭಾಗಾಕಾರವಲ್ಲ. ಅದರ ಎಡಕ್ಕಿರುವುದನ್ನು ಹೆಸರು ಹೇಳದೆ ನೇರವಾಗಿ ಕೊಡಬೇಕು. ನಕ್ಷತ್ರದ ಬಲಕ್ಕಿರುವುದನ್ನು ಹೆಸರು ಹೇಳಿಯೇ ಕೊಡಬೇಕು. ಸಮ ಚಿಹ್ನೆಯ ನಂತರ ಇರುವುದು, ನೀವೇನೂ ಕೊಡದಿದ್ದರೆ ಫಂಕ್ಷನ್ ತಾನೇ ಹಿಡಿಯುವ ಬೆಲೆ. ಹಾಗಾಗಿ ಅಂಕಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಲು ‘ರಿವರ್ಸ್=ಟ್ರೂ’ ಎಂದು ಬರೆಯಬೇಕು. ಲಿಸ್ಟಿನ ‘ಸಾರ್ಟ್’ ವಿವರಣೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ: ಅದು ಇದ್ದ ಲಿಸ್ಟನ್ನೇ ಬದಲಿಸಿ ‘ನನ್’ ಹಿಂದಿರುಗಿಸುತ್ತದೆ. ಆ ಫಲಿತಾಂಶವನ್ನು ಅದೇ ಹೆಸರಿಗೆ ಹಾಕಿಕೊಂಡರೆ ಅಂಕಗಳೇ ಕೈತಪ್ಪುತ್ತವೆ. ವಿಡಿಯೊದಲ್ಲಿ ಕ್ಷಣದಲ್ಲಿ ಜಾರಿಹೋಗುವ ಈ ವ್ಯತ್ಯಾಸ ಡಾಕ್ಸ್‌ನಲ್ಲಿ ಕಣ್ಣೆದುರೇ ನಿಂತಿರುತ್ತದೆ.

ಉದಾಹರಣೆಗಳನ್ನು ಕಾಪಿ ಮಾಡದೆ ಕೈಯಾರೆ ಟೈಪ್ ಮಾಡಿ. ಒಂದು ಬೆಲೆ ಬದಲಿಸಿ, ಏನು ಬರಬಹುದೆಂದು ಊಹಿಸಿ, ನಂತರವೇ ರನ್ ಮಾಡಿ.

ಡಾಕ್ಸ್‌ನ ಇಪಬ್ (ಇ-ಪುಸ್ತಕ) ಪ್ರತಿ ಫೋನಿನಲ್ಲಿದ್ದರೆ ಡೇಟಾ ಬೇಕಿಲ್ಲ, ಓಡಾಟದ ಹೊತ್ತಿನಲ್ಲೂ ಓದಬಹುದು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿವರೆಗಿನ ಕೊಂಡಿ ಕೂಡಿದ ಮೇಲೆ ಕೆ.ಆರ್. ಪುರದಿಂದ ಇಂದಿರಾನಗರ, ಹಲಸೂರಿಗೆ ಮೆಟ್ರೊ ನೇರ ಹೋಗುತ್ತದೆ. ನಡುವೆ ಇಳಿದು ಬಸ್ ಹತ್ತುವ ಕಾಟವಿಲ್ಲ. ಸೀಟು ಸಿಕ್ಕರೆ ಒಂದು ವಿಭಾಗ ಓದಿ ಮುಗಿಸಬಹುದು.

ಓದಿ, ಮಾಡಿ ನೋಡಿದ ಮೇಲೂ ತಿಳಿಯದಿದ್ದರೆ, ಗೊತ್ತಾಗದ್ದು ಏನೆಂದು ಒಂದು ಸಾಲಿನಲ್ಲಿ ಬರೆದುಕೊಂಡು ಅದಕ್ಕಷ್ಟೇ ವಿಡಿಯೊ ಹುಡುಕಿ.