ಶೇಂಗಾ ಬೆಣ್ಣೆ: ಚಮಚದ ಅಳತೆ, ಗ್ರಾಮಿನ ತೂಕ

ಮೋಟೆಬೆನ್ನೂರಿನಂತಹ ಊರಿನ ಹಿರಿಯರಿಗೆ ಸೇರಿನ ಅಳತೆಯನ್ನು ಯಾರೂ ಕಲಿಸಬೇಕಿಲ್ಲ. ಒಂದು ಸೇರು ಜೋಳ, ಒಂದು ಸೇರು ಸಿಪ್ಪೆಸಹಿತ ಶೇಂಗಾ ಅಳತೆಯಲ್ಲಿ ಸಮ. ತಕ್ಕಡಿಗೆ ಹಾಕಿದರೆ ಜೋಳವೇ ಭಾರ. ಹೊಲದಲ್ಲಿ ಗೊತ್ತಿರುವ ಈ ಮಾತನ್ನು ಅಡುಗೆಮನೆಯಲ್ಲಿ ನಾವು ಮರೆಯುತ್ತೇವೆ.

ಈಗ ಅನೇಕ ಮನೆಗಳಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿಯ ಪಕ್ಕದಲ್ಲೇ ಶೇಂಗಾ ಬೆಣ್ಣೆ, ಅಂದರೆ ಪೀನಟ್ ಬಟರ್ ಕೂಡ ಇರುತ್ತದೆ. ಪುಡಿಯಲ್ಲಿ ಗಾಳಿ ಸೇರಿರುತ್ತದೆ, ಬೆಣ್ಣೆ ಗಟ್ಟಿ. ಹಾಗಾಗಿ ಒಂದು ಚಮಚ ಪುಡಿಯ ಬದಲು ಒಂದು ಚಮಚ ಬೆಣ್ಣೆ ತಿಂದರೆ ಹೊಟ್ಟೆಗೆ ಹೋಗುವ ಶೇಂಗಾ ಬಹಳ ಹೆಚ್ಚು. ಸಕ್ಕರೆ ಕಾಯಿಲೆಯವರು ಮತ್ತು ತೂಕ ಇಳಿಸಬೇಕಾದವರು ಇದನ್ನು ಗಮನಿಸಬೇಕು.

ನೆನಪಿಡಬೇಕಾದ ಲೆಕ್ಕ

ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುತ್ತದೆ. ಅಷ್ಟೇ ಶೇಂಗಾ ಬೆಣ್ಣೆ ಸುಮಾರು 1.08 ಗ್ರಾಂ. ಆದ್ದರಿಂದ ಮಿಲಿಲೀಟರನ್ನು 1.08ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ.

- ಚಹಾ ಚಮಚ, 5 ಮಿ.ಲೀ.: ಸುಮಾರು 5 ಗ್ರಾಂ
- ದೊಡ್ಡ ಅಳತೆ ಚಮಚ, 15 ಮಿ.ಲೀ.: ಸುಮಾರು 16 ಗ್ರಾಂ
- ಅಳತೆ ಕಪ್ಪು, 240 ಮಿ.ಲೀ.: ಸುಮಾರು 258 ಗ್ರಾಂ

ಬಾದಾಮಿ, ಗೋಡಂಬಿ ಬೆಣ್ಣೆಗಳೂ ದೊಡ್ಡ ಚಮಚಕ್ಕೆ ಸುಮಾರು 16 ಗ್ರಾಂ ಬರುತ್ತವೆ.

ಇದು ಮೇಲ್ಭಾಗ ಸಮಮಾಡಿದ ಚಮಚದ ಲೆಕ್ಕ. ಗುಡ್ಡೆಯಾಗಿ ತುಂಬಿದರೆ ಅದೇ ಚಮಚ 25 ಗ್ರಾಂ ದಾಟಬಹುದು. ಆಹಾರ ತಜ್ಞರು ದಿನಕ್ಕೆ 30 ಗ್ರಾಂ ಎಂದು ಬರೆದುಕೊಟ್ಟಿದ್ದಾರೆ ಎನ್ನಿ. ಸಮಮಾಡಿದ ಎರಡು ಚಮಚ ಸರಿಹೋಗುತ್ತದೆ. ಗುಡ್ಡೆಯ ಎರಡು ಚಮಚವಾದರೆ 50 ಗ್ರಾಂ. ಹೆಚ್ಚಾದ 20 ಗ್ರಾಮಿನಲ್ಲಿ ಸುಮಾರು 120 ಕ್ಯಾಲೊರಿ, ಅಂದರೆ ಒಂದು ಚಪಾತಿಯಷ್ಟು. ದಿನವೂ ಹೀಗಾದರೆ ಪಥ್ಯಕ್ಕೆ ಅರ್ಥವಿಲ್ಲ.

ಮನೆಯ ಬಟ್ಟಲನ್ನು ಅಳೆಯುವುದು

ನಮ್ಮ ಬಟ್ಟಲುಗಳು ಅಳತೆ ಕಪ್ಪುಗಳಲ್ಲ. ಖಾಲಿ ಬಟ್ಟಲನ್ನು ತೂಗಿ, ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿ. ವ್ಯತ್ಯಾಸ 150 ಗ್ರಾಂ ಬಂದರೆ ಬಟ್ಟಲಿನ ಅಳತೆ 150 ಮಿ.ಲೀ. ಅದರಲ್ಲಿ ಬೆಣ್ಣೆ 150 × 1.08 = 162 ಗ್ರಾಂ ಹಿಡಿಯುತ್ತದೆ.

ಇನ್ನೂ ಸುಲಭವಾದುದು: ಬಾಟಲಿಯನ್ನೇ ತಕ್ಕಡಿಯ ಮೇಲಿಡಿ, ಬೇಕಾದಷ್ಟು ತೆಗೆಯಿರಿ, ಕಡಿಮೆಯಾದ ತೂಕವೇ ನೀವು ತೆಗೆದ ಬೆಣ್ಣೆ. ಚಮಚಕ್ಕೆ ಅಂಟಿದ್ದೂ ಅದರಲ್ಲಿ ಸೇರಿರುತ್ತದೆ, ನೆನಪಿರಲಿ. ಮೇಲೆ ಎಣ್ಣೆ ತೇಲಿದ್ದರೆ ಮೊದಲು ಚೆನ್ನಾಗಿ ಕಲಸಿ. ಇಲ್ಲವಾದರೆ ಒಬ್ಬರ ಪಾಲಿಗೆ ಬರೀ ಎಣ್ಣೆ ಬರುತ್ತದೆ.

ಮನೆಯಲ್ಲೇ ಅರೆಯುವಾಗ

240 ಮಿ.ಲೀ. ಕಪ್ಪಿನಲ್ಲಿ ಶೇಂಗಾ ಕಾಳು ಸುಮಾರು 146 ಗ್ರಾಂ ಹಿಡಿಯುತ್ತದೆ. ಅದನ್ನು ಹುರಿದು ಅರೆದರೆ ಬೆಣ್ಣೆ ಅರ್ಧ ಕಪ್ಪಿನ ಆಸುಪಾಸು ಬರುತ್ತದೆ. ಮಿಕ್ಸಿ ತಿಂದುಹಾಕಿತೆಂದು ಬೇಸರಿಸಬೇಡಿ. ಸ್ವಲ್ಪ ತೇವ, ಸಿಪ್ಪೆ ಬಿಟ್ಟರೆ ಹೋದದ್ದು ಕಾಳುಗಳ ನಡುವಿನ ಗಾಳಿ ಮಾತ್ರ. ಆದ್ದರಿಂದ 'ಒಂದು ಕಪ್ ಶೇಂಗಾ' ಎಂದಿರುವಲ್ಲಿ ಒಂದು ಕಪ್ ಬೆಣ್ಣೆ ಹಾಕಬಾರದು.

ಬೂಸ್ಟು ಹಿಡಿದ, ಮುರುಟಿದ, ಕಹಿಯಾದ ಕಾಳುಗಳನ್ನು ಆರಿಸಿ ಎಸೆಯಿರಿ. ಅಂಥ ಕಾಳಿನಲ್ಲಿ ಯಕೃತ್ತಿಗೆ ಹಾನಿಮಾಡುವ ಅಫ್ಲಾಟಾಕ್ಸಿನ್ ವಿಷ ಇರಬಹುದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಬಾಟಲಿಗೆ ಒಣ ಚಮಚವನ್ನೇ ಹಾಕಿ. ಚಿಕ್ಕ ಮಕ್ಕಳಿಗೆ ಇಡೀ ಕಾಳು ಅಥವಾ ಗಟ್ಟಿ ಬೆಣ್ಣೆಯ ಮುದ್ದೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಜಿಯಲ್ಲಿ ತೆಳ್ಳಗೆ ಕಲಸಿ ಕೊಡಿ. ಶೇಂಗಾ ತಿಂದಾಗ ಮೈಮೇಲೆ ದದ್ದು, ತುಟಿ ಊತ ಅಥವಾ ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ಒಮ್ಮೆ ನಿಮ್ಮ ಚಮಚವನ್ನು ತೂಗಿಸಿಕೊಳ್ಳಿ. ಬಂದ ತೂಕವನ್ನು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿ. ಆಮೇಲೆ ಆ ಚಮಚವನ್ನು ಬದಲಿಸಬೇಡಿ.