ಅಂಗಮರ್ದನವಿದ್ಯೆಯೂ ಅದರ ಆಚಾರ್ಯರೂ

ಶೂದ್ರಕ ಕವಿಯ ‘ಮೃಚ್ಛಕಟಿಕ’ ಪ್ರಕರಣವನ್ನು ಓದಿದವರಿಗೆ ಸಂವಾಹಕನ ಪಾತ್ರ ಅಪರಿಚಿತವೇನಲ್ಲ. ಪಾಟಲೀಪುತ್ರದ ಗೃಹಸ್ಥನೊಬ್ಬನ ಮಗನಾದ ಈತ ಊರು ನೋಡುವ ಕುತೂಹಲದಿಂದ ಉಜ್ಜಯಿನಿಗೆ ಬಂದು, ಚಾರುದತ್ತನಲ್ಲಿ ಮೈಯೊತ್ತುವ ಸೇವಕನಾಗಿ ನಿಲ್ಲುತ್ತಾನೆ. ಒಡೆಯನು ದರಿದ್ರನಾದ ಮೇಲೆ ಜೂಜಿಗೆ ಬಿದ್ದು, ಸಾಲಗಾರರಿಗೆ ಹೆದರಿ ವಸಂತಸೇನೆಯ ಮನೆಯನ್ನು ಹೊಗುತ್ತಾನೆ. ಆಕೆ ಅವನ ವೃತ್ತಿ ಯಾವುದೆಂದು ಕೇಳಿ ತಿಳಿದು, ಸುಕುಮಾರವಾದ ಕಲೆಯನ್ನೇ ಕಲಿತಿರುವೆಯೆಂದು ಮೆಚ್ಚುತ್ತಾಳೆ. ಅದಕ್ಕೆ ಆತ, ಕಲೆಯೆಂದು ಕಲಿತದ್ದು ಈಗ ಹೊಟ್ಟೆಪಾಡಾಗಿದೆ ಎಂದು ನೊಂದುಕೊಳ್ಳುತ್ತಾನೆ. ಅಂಗಮರ್ದನವಿದ್ಯೆಯ ಚರಿತ್ರೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಶಾಸ್ತ್ರಗಳು ಈ ವಿದ್ಯೆಯನ್ನು ಎಂದೂ ಹೀನವೆಂದು ಎಣಿಸಲಿಲ್ಲ. ಅರುವತ್ತನಾಲ್ಕು ಕಲೆಗಳಲ್ಲಿ ಸಂವಾಹನಕ್ಕೆ ಸ್ಥಾನವಿದೆ. ವಾಗ್ಭಟನು ಅಭ್ಯಂಗವನ್ನು ನಿತ್ಯವಿಧಿಯೆಂದೇ ಹೇಳಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಇಪ್ಪತ್ತು ಉಪಭೋಗಗಳ ಪೈಕಿ ಪಾದಾಭ್ಯಂಗವೂ ಒಂದು. ಆದರೆ ಅಲ್ಲಿ ಭೋಗ ಅರಸನದು. ಒತ್ತಿದ ಕೈ ಯಾರದು, ಆ ಕೈಗೆ ಕಲಿಸಿದವರಾರು ಎಂಬುದಕ್ಕೆ ಉತ್ತರವಿಲ್ಲ. ವ್ಯಾಕರಣಕ್ಕೆ ಪಾಣಿನಿ, ಶಲ್ಯಚಿಕಿತ್ಸೆಗೆ ಸುಶ್ರುತ ಎಂದು ಹೆಸರಿಸುವ ನಾವು ಅಂಗಮರ್ದನಕ್ಕೆ ಒಬ್ಬ ಆಚಾರ್ಯನನ್ನು ಹೆಸರಿಸಲಾರೆವು. ಕುಶಲತೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಗುರುಪೀಠಕ್ಕೆ.

ಪಶ್ಚಿಮ ದೇಶಗಳಲ್ಲಿ ಈ ಕೊರತೆಯನ್ನು ತುಂಬಿಕೊಂಡ ಬಗೆ ಗಮನಾರ್ಹವಾಗಿದೆ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ (1776–1839) ಕವಿಯೂ ಹೌದು, ಕತ್ತಿವರಸೆಯ ಗುರುವೂ ಹೌದು. ಆತ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ವಿದ್ಯಾಲಯವನ್ನು ತೆರೆದನು. ಮುಂದೆ ಹಾಲೆಂಡಿನ ವೈದ್ಯ ಮೆಟ್ಜ್‌ಗರನು ಮರ್ದನದ ಕ್ರಮಗಳನ್ನು ವಿಂಗಡಿಸಿದನೆಂದು ಹೇಳುತ್ತಾರೆ: ನೀವುವುದು, ನಾದುವುದು, ತಿಕ್ಕುವುದು, ತಟ್ಟುವುದು, ಅದಿರಿಸುವುದು. ನಮ್ಮ ಅಜ್ಜಿಯರು ಕಾಲುಗಳ ಮೇಲೆ ಹಸುಗೂಸನ್ನು ಮಲಗಿಸಿ ಎಣ್ಣೆ ಹಚ್ಚುವಾಗ ಇದರಲ್ಲಿ ಯಾವುದನ್ನು ಬಿಟ್ಟಿದ್ದಾರೆ? ಆದರೆ ಅಜ್ಜಿಯ ವಿದ್ಯೆ ಮೊಮ್ಮಗಳಿಗೆ ಹೋಯಿತು. ಲಿಂಗನ ವಿದ್ಯೆ ಶಾಲೆಗೆ ಹೋಯಿತು.

ಶಾಲೆಯಿದ್ದರೂ ಮಾನ ಉಳಿಯುವುದು ಸುಲಭವಾಗಲಿಲ್ಲ. 1894ರಲ್ಲಿ ಲಂಡನ್ ನಗರದಲ್ಲಿ ಮರ್ದನದ ಹೆಸರಿನಲ್ಲಿ ಅನಾಚಾರದ ಅಂಗಡಿಗಳು ನಡೆಯುತ್ತಿವೆಯೆಂದು ವೈದ್ಯಪತ್ರಿಕೆಯೇ ಎಚ್ಚರಿಸಿತು. ಆ ಅಪವಾದಕ್ಕೆ ಅಂಜಿ ವೃತ್ತಿಯನ್ನು ತ್ಯಜಿಸುವ ಬದಲು, ರೋಸಲಿಂಡ್ ಪ್ಯಾಗೆಟ್ ಮೊದಲಾದ ನಾಲ್ವರು ದಾದಿಯರು ಅದೇ ವರ್ಷ ಒಂದು ಸಂಘವನ್ನು ಕಟ್ಟಿದರು. ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಪ್ರಮಾಣಪತ್ರ. ವೈದ್ಯನ ಆದೇಶವಿಲ್ಲದೆ ಚಿಕಿತ್ಸೆ ಕೂಡದು. ಕಂಡಕಂಡಲ್ಲಿ ಜಾಹೀರಾತು ಕೂಡದು. ನಿಯಮಗಳು ಕಠಿನವೇ. ಆ ಸಂಘಕ್ಕೆ 1920ರಲ್ಲಿ ರಾಜಸನ್ನದು ದೊರೆಯಿತು, 1944ರಲ್ಲಿ ಅದು ಫಿಸಿಯೋಥೆರಪಿಯ ಸಂಘವೆಂಬ ಹೆಸರನ್ನು ತಳೆಯಿತು. ಇಂದು ನಮ್ಮ ಮಂಗಳೂರಿನ ಕಾಲೇಜುಗಳಲ್ಲಿ ಫಿಸಿಯೋಥೆರಪಿಯನ್ನು ಓದುವ ನೂರಾರು ತರುಣ ತರುಣಿಯರು, ತಿಳಿದೋ ತಿಳಿಯದೆಯೋ, ಆ ನಾಲ್ವರು ತಾಯಂದಿರ ಋಣದಲ್ಲಿದ್ದಾರೆ.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಬಿ.ಕೆ.ಎಸ್. ಅಯ್ಯಂಗಾರ್ಯರನ್ನು (1918–2014) ಯೋಗಾಚಾರ್ಯರೆಂದು ಲೋಕವೇ ಬಲ್ಲುದು. ಅಂಗಮರ್ದನದ ಪ್ರಸಂಗದಲ್ಲಿ ಅವರ ಹೆಸರೇಕೆ ಎಂದು ಕೆಲವರು ಕೇಳಿಯಾರು. ಅವರು ಮೈಯೊತ್ತಿದವರಲ್ಲ, ನಿಜ. ಆದರೆ ರೋಗಿಯ ದೇಹವನ್ನು ಕೈಯಿಂದ ಮುಟ್ಟಿ, ತಿದ್ದಿ, ನಿಲ್ಲಿಸಿ ಗುಣಪಡಿಸುವುದನ್ನು ಕಲಿಸಬಹುದಾದ ಶಾಸ್ತ್ರವನ್ನಾಗಿ ಮಾಡಿದವರಲ್ಲಿ ಅವರು ಅಗ್ರಗಣ್ಯರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಶಾಲಾ ಉಪಾಧ್ಯಾಯರ ಮಗನಾಗಿ ಹುಟ್ಟಿದರು. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಮಲೇರಿಯ, ಕ್ಷಯ ಮುಂತಾದ ವ್ಯಾಧಿಗಳಿಂದ ಕೃಶರಾಗಿದ್ದರು. 1934ರಲ್ಲಿ ಮೈಸೂರಿಗೆ ಬಂದು, ಭಾವನವರಾದ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಆಸನಗಳನ್ನು ಕಲಿತರು. ಮೆಟ್ರಿಕ್ಯುಲೇಶನ್ ಪರೀಕ್ಷೆ ಅವರಿಗೆ ಒಲಿಯಲಿಲ್ಲ. (ಅಂಕಪಟ್ಟಿ ನೋಡಿ ಹುಡುಗರ ಹಣೆಬರಹ ಬರೆಯುವ ನಾವು, ಉಪಾಧ್ಯಾಯರು, ಇದನ್ನು ನೆನಪಿನಲ್ಲಿಡುವುದು ಒಳಿತು.) 1936ರ ಸಂಚಾರದಲ್ಲಿ ಧಾರವಾಡದ ಮಹಿಳೆಯರು ಕಲಿಯಲು ಇಚ್ಛಿಸಿದಾಗ, ಶಿಷ್ಯರಲ್ಲಿ ಕಿರಿಯನೆಂಬ ಕಾರಣಕ್ಕೆ ಇವರನ್ನು ನೇಮಿಸಲಾಯಿತು, ಆಚಾರ್ಯಪದವಿ ಆರಂಭವಾದದ್ದು ಹಾಗೆ. ಮರುವರ್ಷವೇ ಪುಣೆಗೆ ತೆರಳಿದರು.

ತಾನು ರೋಗಿಯಾಗಿದ್ದವನಿಗೆ ರೋಗಿಯ ಕಷ್ಟ ತಿಳಿದೀತು. ಬಾಗಲಾರದವನಿಗೆ ಹಗ್ಗ, ನಿಲ್ಲಲಾರದವನಿಗೆ ಮರದ ದಿಮ್ಮಿ, ಮಲಗಿದವನಿಗೆ ದಿಂಬು, ಪಟ್ಟಿ ಎಂದು ಉಪಕರಣಗಳನ್ನು ಅಳವಡಿಸಿದ್ದು ಅವರ ವಿಶೇಷ. 1966ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥ ‘ಲೈಟ್ ಆನ್ ಯೋಗ’ ಹಲವು ಭಾಷೆಗಳಿಗೆ ಹೋಯಿತು. 1975ರಲ್ಲಿ ಪತ್ನಿ ರಮಾಮಣಿಯವರ ಸ್ಮರಣೆಯಲ್ಲಿ ಪುಣೆಯ ಸಂಸ್ಥೆ ತಲೆಯೆತ್ತಿತು. ಉಗ್ರ ಶಿಕ್ಷಕರೆಂಬ, ಕೈಯೆತ್ತುವವರೆಂಬ ಖ್ಯಾತಿಯೂ ಅವರಿಗಿತ್ತು. ಆ ಭಾಗ ಅನುಕರಣೀಯವೆಂದು ನಾನು ಹೇಳಲಾರೆ. ಪರರ ದೇಹವನ್ನು ಮುಟ್ಟುವ ಅಧಿಕಾರ ಉಳ್ಳವನಿಗೆ ಸಂಯಮವೇ ಮೊದಲ ಪಾಠವಾಗಬೇಕು. ಲಂಡನ್ನಿನ ದಾದಿಯರು ಇದನ್ನು ಚೆನ್ನಾಗಿ ಅರಿತಿದ್ದರು.

ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳ ಮಾರ್ಗ ಬೇರೆ. ‘ತಿರುಕ’ನೆಂದು ಕರೆದುಕೊಂಡು, ಜೋಳಿಗೆ ಹಿಡಿದು ಬೇಡಿದ ಹಣದಿಂದ ಹೊಳಲ್ಕೆರೆ ತಾಲ್ಲೂಕಿನ ಆ ಗ್ರಾಮದಲ್ಲಿ 1943ರಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದರು. ವ್ಯಾಯಾಮ, ಯೋಗ, ಆಯುರ್ವೇದ ಈ ಮೂರನ್ನೂ ಒಂದೇ ಅಂಗಳದಲ್ಲಿ ಬಡಮಕ್ಕಳಿಗೂ ರೋಗಿಗಳಿಗೂ ಉಣಬಡಿಸಿದರು. 1996ರಲ್ಲಿ ಅವರು ದೇಹವಿಟ್ಟ ಮೇಲೂ ಆಶ್ರಮ ಉಳಿದಿದೆ.

ಕೊಟ್ಟಾರ ಚೌಕಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ನಡೆದರೆ ಉಡುಪಿ. ಅಲ್ಲಿಯ ಆಯುರ್ವೇದ ಕಾಲೇಜು 1958ರಷ್ಟು ಹಿಂದಿನದು. ಉಜಿರೆಯಲ್ಲಿ ಧರ್ಮಸ್ಥಳದ ಆಶ್ರಯದಲ್ಲಿ 1989ರಲ್ಲಿ ಪ್ರಕೃತಿಚಿಕಿತ್ಸೆ ಮತ್ತು ಯೋಗವಿಜ್ಞಾನದ ಕಾಲೇಜು ತೆರೆಯಿತು. ಅಲ್ಲಿ ಮರ್ದನವು ಐದೂವರೆ ವರ್ಷದ ವೈದ್ಯಪದವಿಯ ಪಾಠವಸ್ತುಗಳಲ್ಲಿ ಒಂದು. ಸಂವಾಹಕನು ಹಂಬಲಿಸಿದ ಗುರುಪೀಠ ನಮ್ಮ ಜಿಲ್ಲೆಯಲ್ಲೇ ಇದೆ.

ಹೀಗಿದ್ದೂ, ಮಗ ಅಥವಾ ಮಗಳು ಈ ದಾರಿ ಹಿಡಿಯುವೆನೆಂದಾಗ ತಂದೆತಾಯಂದಿರ ಮುಖ ಬಾಡುವುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಪರರ ಮೈ ತಿಕ್ಕುವುದೇ ಎಂಬ ತಾತ್ಸಾರ ಹೋಗಿಲ್ಲ. ಶರಣಧರ್ಮದ ನೆರಳಿನಲ್ಲಿ ಬೆಳೆದವರಿಗೆ ಇದು ಸಲ್ಲದು. ನಮ್ಮಲ್ಲಿ ಇಷ್ಟಲಿಂಗಕ್ಕೆ ಪೀಠ ಯಾವುದು? ಅಂಗೈ. ಕರಸ್ಥಲವೆಂದು ಅದಕ್ಕೆ ಶಾಸ್ತ್ರೋಕ್ತ ಹೆಸರೇ ಇದೆ. ಬೆಳಿಗ್ಗೆ ಲಿಂಗವನ್ನು ಧರಿಸಿದ ಅಂಗೈ ಮಧ್ಯಾಹ್ನ ಪಾರ್ಶ್ವವಾಯು ಬಡಿದವನ ತೋಳನ್ನು ನೀವಿದರೆ ಮೈಲಿಗೆಯಾಯಿತೆಂದು ಯಾವ ಕಾಯಕತತ್ತ್ವ ಹೇಳೀತು?

ಉಳಿದಿರುವುದು ಹೆಸರಿನ ಸಮಸ್ಯೆ. ‘ಮಾಲೀಸಿನವನು’ ಎಂಬಲ್ಲಿ ಉದಾಸೀನದ ಧ್ವನಿಯಿದೆ. ‘ಥೆರಪಿಸ್ಟ್’ ಎಂಬುದು ನಮ್ಮ ಹಳ್ಳಿಗರ ನಾಲಿಗೆಗೆ ತೊಡಕು. ‘ಸಂವಾಹಕ’, ‘ಸಂವಾಹಕಿ’ ಎಂಬ ಪದಗಳು ನಮಗೆ ಪೂರ್ವದಿಂದಲೂ ಇವೆ. ಬಸ್ಸಿನವನಿಗೆ ನಿರ್ವಾಹಕನೆಂದು ಬೇರೆ ಹೆಸರಿರುವುದರಿಂದ ಗೊಂದಲದ ಭಯವೂ ಇಲ್ಲ.