ರೋಟರಿ ಕ್ಲಬ್ಬಿನ ಹೊಸ ಅಧ್ಯಕ್ಷನಿಗೆ

ಪದಗ್ರಹಣ ಚೆನ್ನಾಗಿ ಆಯಿತಪ್ಪ. ಈ ವರ್ಷ ನಮ್ಮೂರ ಮಕ್ಕಳಿಗೆ ಜಾಸ್ತಿ ವಿದ್ಯಾರ್ಥಿವೇತನ, ಅದ್ದೂರಿ ಪ್ರತಿಭಾ ಪುರಸ್ಕಾರ ಅಂದೆಯಲ್ಲ, ಆ ಬಗ್ಗೆ ಒಂದೆರಡು ಮಾತು. ಸಭೆಯಲ್ಲಿ ಹೇಳುವಂಥದ್ದಲ್ಲ.

ರೋಟರಿಗೆ ಈ ಕೆಲಸ ಹೊಸದೇನಲ್ಲ. 1947ರಲ್ಲಿ ಸಂಸ್ಥಾಪಕ ಪಾಲ್ ಹ್ಯಾರಿಸ್ ತೀರಿಕೊಂಡ ಮೇಲೆ ಹೊರದೇಶದ ಓದಿಗೆ ನೆರವು ಶುರುವಾಯಿತು. ಮೊದಲ ತಂಡದಲ್ಲಿ 18 ಮಂದಿ ಇದ್ದರು. ನಮ್ಮ ಕೈಲಾಗುವುದು ಪಿಯುಸಿ ಫೀಸು, ಪುಸ್ತಕ, ಬಸ್ ಪಾಸು, ಅಷ್ಟೆ. ಇಂಥ ಸಣ್ಣ ಹಣ ಹೊತ್ತಿಗೆ ಸರಿಯಾಗಿ ಮುಟ್ಟಬೇಕು.

ನಮ್ಮ ವರ್ಷ ಶುರುವಾಗುವುದು ಜುಲೈ 1ಕ್ಕೆ. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು, ಪಿಯುಸಿಗೆ ಸೇರುವವರು ಸೇರಿಯಾಗಿರುತ್ತದೆ. ಆಮೇಲೆ ನಾವು ಸಮಿತಿ ಮಾಡಿ, ಅರ್ಜಿ ಕರೆದು, ಶಾಸಕರ ಬಿಡುವು ನೋಡಿ ಚೆಕ್ ಕೊಡುವ ಹೊತ್ತಿಗೆ ನವೆಂಬರ್. ಅಷ್ಟರಲ್ಲಿ ಚೆಕ್ ಪಡೆಯುವ ಹುಡುಗಿಯ ತಾಯಿ ಓಲೆ ಅಡವಿಟ್ಟು ಫೀಸು ಕಟ್ಟಿರುತ್ತಾಳೆ. ನಮ್ಮ ದುಡ್ಡು ಬಡ್ಡಿಗೆ ಹೋಗುತ್ತದೆ. ಕಟ್ಟಲಾಗದವರ ಮಕ್ಕಳಂತೂ ನಮ್ಮ ಪಟ್ಟಿಗೇ ಬರುವುದಿಲ್ಲ.

ನಿನ್ನ ಅವಧಿ ಜೂನ್ 30ರವರೆಗೂ ಇದೆ. ಈಗಿನಿಂದ ಕೂಡಿಸಿದ್ದನ್ನು ಮೇ ತಿಂಗಳಿಗೆಂದು ತೆಗೆದಿಡು. ಮಾರ್ಚ್‌ನಲ್ಲೇ ಶಾಲೆಗಳಿಗೆ ಹೋಗಿ, ಯಾರು ಮುಂದೆ ಓದುವುದು ಅನುಮಾನ ಎಂದು ಕೇಳು. ಶೇ 95 ತೆಗೆದವನಿಗೆ ಶಾಲು ಹೊದಿಸಲು ಊರೆಲ್ಲ ಸಾಲುಗಟ್ಟುತ್ತದೆ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಶೇ 62 ತೆಗೆದವನು ಮೇಷ್ಟರಿಗೆ ಮಾತ್ರ ಗೊತ್ತಿರುತ್ತಾನೆ.

ಇನ್ನೊಂದು. ನಮ್ಮದಕ್ಕಿಂತ ಸರ್ಕಾರದ ಹಣ ದೊಡ್ಡದು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಎಸ್‌ಎಸ್‌ಪಿ ಎಂಬ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನ ಅರ್ಜಿಯೂ ಇದೆ. ಅದಕ್ಕೆ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ ಬೇಕು, ಖಾತೆಗೆ ಆಧಾರ್ ಜೋಡಿಸಿರಬೇಕು. ಹೆಸರಿನ ಇನಿಷಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ತಾಪತ್ರಯ. ಕ್ಲಬ್ಬಿನಲ್ಲಿ ಬ್ಯಾಂಕಿನವರಿದ್ದಾರೆ, ಲೆಕ್ಕಪತ್ರ ಬಲ್ಲವರಿದ್ದಾರೆ. ಒಂದೆರಡು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಶಾಲೆಯಲ್ಲಿ ಕೂತರೆ, ನಾವು ಜೇಬಿನಿಂದ ಕೊಡುವುದಕ್ಕಿಂತ ಹೆಚ್ಚು ಹಣ ಮಕ್ಕಳ ಕೈಸೇರುತ್ತದೆ. ಇದರ ಫೋಟೋ ಪೇಪರಿನಲ್ಲಿ ಬರುವುದಿಲ್ಲ, ಅದೊಂದು ಕೊರತೆ.

ಸಮಾರಂಭ ಬೇಡ ಅನ್ನುತ್ತಿಲ್ಲ. ಅಪ್ಪ ಅಮ್ಮ ಇರುವುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಆ ಸಂತೋಷ ಅವರಿಗೆ ಸಲ್ಲಬೇಕು. ಆದರೆ ನಿರೂಪಕರ ಕೈಗೆ ಕೊಡುವ ಚೀಟಿಯನ್ನು ಮೊದಲು ನೀನೇ ನೋಡು. ‘ತಂದೆ ಇಲ್ಲ, ತಾಯಿ ಮನೆಗೆಲಸಕ್ಕೆ ಹೋಗುತ್ತಾರೆ’ ಎಂದು ಮೈಕಿನಲ್ಲಿ ಓದಿದರೆ, ಎದುರಿಗೆ ಸಹಪಾಠಿಗಳು ಕೂತಿರುವಾಗ ಆ ಮಗು ಮುಖ ಎಲ್ಲಿಡಬೇಕು? ಹೆಸರು, ಶಾಲೆ, ಮುಂದೇನು ಓದಬೇಕೆಂದಿದ್ದಾಳೆ ಎಂಬುದಷ್ಟೇ ಸಾಕು. ಆಳೆತ್ತರದ ಥರ್ಮಾಕೋಲ್ ಚೆಕ್ಕೂ ಬೇಡ ಮಾರಾಯ.

ಈ ಸಲದ ಮಕ್ಕಳಿಗೆ ಕ್ಲಬ್ಬಿನಲ್ಲಿ ಇದ್ದಷ್ಟನ್ನು ಈ ತಿಂಗಳೇ ಖಾತೆಗೆ ಹಾಕಿಸಿಬಿಡು. ಸಮಾರಂಭವನ್ನು ಶಾಸಕರಿಗೆ ಬಿಡುವಾದಾಗ ಇಟ್ಟುಕೊಂಡರಾಯಿತು.